ನಿವೃತ್ತ ಫೈಟರ್ ಪೈಲಟ್ ಎದುರು ಕೂತು ಹಾರಾಟದ ನೆನಪು ದಾಖಲಿಸುವುದು ಹೇಗೆ?

ಹೋಗುವ ಮುನ್ನ ಫೋನಿನಲ್ಲೇ ಕೇಳಿಟ್ಟುಕೊಳ್ಳಿ: ಯಾವ ಯಾವ ವಿಮಾನ, ಯಾವ ವರ್ಷಗಳಲ್ಲಿ? ನ್ಯಾಟ್, ಮಿಗ್-21, ಜಾಗ್ವಾರ್ ಒಂದೊಂದರ ಸ್ವಭಾವವೂ ಬೇರೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಅವರ ತಂಡ ರೂಪಿಸಿದ ಯುದ್ಧವಿಮಾನ ಮಾರುತ್ 1961ರಲ್ಲಿ ಮೊದಲು ಹಾರಿತು. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ಆದರೆ ನೆಲಕ್ಕೆ ಹತ್ತಿರ, ವೇಗವಾಗಿ ಹೋಗುವಾಗ ಅದು ಅಲುಗದೆ ನಿಲ್ಲುತ್ತಿತ್ತು. ಅದನ್ನು ಹಾರಿಸಿದವರಿಗೆ “ಶಬ್ದದ ವೇಗ ಮೀರಿದ್ರಾ ಸರ್?” ಅನ್ನಬೇಡಿ. “ಲೋ ಲೆವೆಲ್‌ನಲ್ಲಿ ಹೇಗಿತ್ತು?” ಅನ್ನಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಾರತ್‌ಹಳ್ಳಿ ಕಡೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ನಿಂತಿದೆ. ಮೊದಲು ಅದರ ಪಕ್ಕ ಹತ್ತು ನಿಮಿಷ ನಿಂತು ಬನ್ನಿ.

ಲಾಗ್‌ಬುಕ್ ಇದ್ದರೆ ತೆಗೆದಿಡಲು ವಿನಂತಿಸಿ. ದಿನಾಂಕ, ವಿಮಾನದ ಸಂಖ್ಯೆ, ಸಾರ್ಟಿಯ (ಒಂದು ಬಾರಿಯ ಹಾರಾಟದ) ಉದ್ದೇಶ, ಹಗಲು-ರಾತ್ರಿಯ ಗಂಟೆ ಎಲ್ಲವೂ ಅದರಲ್ಲಿರುತ್ತದೆ. ಐವತ್ತು ವರ್ಷದ ಹಿಂದಿನದನ್ನು ಬರಿಯ ನೆನಪಿನಿಂದ ಕೇಳಿದರೆ ಎರಡು ಸಾರ್ಟಿ ಒಂದಾಗಿಬಿಡುತ್ತವೆ. ಒಂದು ಪುಟ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು “ಈ 45 ನಿಮಿಷದಲ್ಲಿ ಏನೇನಾಯಿತು?” ಎಂದು ಕೇಳಿ. ನಮ್ಮ ಪ್ರಕಾರ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಜೆಟ್ ಸದ್ದಿನ ನಡುವೆ ದುಡಿದವರಿಗೆ ಕಿವಿ ಮಂದವಾಗಿರಬಹುದು. ಚೆನ್ನಾಗಿ ಕೇಳುವ ಕಿವಿಯ ಕಡೆ ಕೂರಿ, ಫ್ಯಾನ್ ಆರಿಸಿ. ಮೈಕ್ ಬಾಯಿಂದ ಒಂದು ಗೇಣು ದೂರವಿರಲಿ. ಇನ್ನೊಂದು ಫೋನಿನಲ್ಲಿ ಎದುರಿನಿಂದ ವಿಡಿಯೋ ಹಿಡಿಯಿರಿ, ಕೈಗಳು ಚೌಕಟ್ಟಿನೊಳಗೆ ಬರಬೇಕು. ಫೈಟರ್ ಪೈಲಟ್‌ಗಳು ಡಾಗ್‌ಫೈಟ್ (ಆಕಾಶದಲ್ಲಿ ವಿಮಾನಗಳ ಹತ್ತಿರದ ಕಾಳಗ) ವಿವರಿಸುವುದೇ ಎರಡು ಅಂಗೈಗಳಲ್ಲಿ. ಬರೀ ಧ್ವನಿಯಿದ್ದರೆ “ಅವನು ಹೀಗೆ ಬಂದ, ನಾನು ಹೀಗೆ ತಿರುಗಿದೆ” ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

“ಭಯ ಆಗಲಿಲ್ವಾ?” ಎಂದರೆ “ಇಲ್ಲ” ಎಂಬಲ್ಲಿಗೇ ಮುಗಿಯುತ್ತದೆ. ಕ್ರಮವನ್ನೂ ದೇಹವನ್ನೂ ಕೇಳಿ: ಕ್ಯಾನೊಪಿ (ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಮುಚ್ಚಿದ ಮೇಲೆ ಮೊದಲು ಕೈ ಎಲ್ಲಿಗೆ ಹೋಗುತ್ತಿತ್ತು? ರೀಹೀಟ್ (ಹೆಚ್ಚುವರಿ ಇಂಧನ ಉರಿಸಿ ಎಂಜಿನ್ ಬಲ ಹೆಚ್ಚಿಸುವುದು) ಹಾಕಿದಾಗ ಬೆನ್ನಿಗೆ ಏನು ಗೊತ್ತಾಗುತ್ತಿತ್ತು? 6 ಜಿ (ಗುರುತ್ವದ ಆರು ಪಟ್ಟು ಬಲದ) ತಿರುವಿನಲ್ಲಿ 70 ಕೆ.ಜಿ. ಮನುಷ್ಯನಿಗೆ ತನ್ನ ಮೈ 420 ಕೆ.ಜಿ. ಅನ್ನಿಸುತ್ತದೆ, ರಕ್ತ ಕೆಳಗಿಳಿದು ಕಣ್ಣು ಮಸುಕಾಗುತ್ತದೆ. ಜಿ-ಸೂಟ್ (ರಕ್ತ ಕೆಳಗಿಳಿಯದಂತೆ ಗಾಳಿ ತುಂಬಿ ಬಿಗಿಯಾಗುವ ಉಡುಪು) ಹೊಟ್ಟೆ, ತೊಡೆಗಳನ್ನು ಒತ್ತುವಾಗ ಕಾಲು ಬಿಗಿಹಿಡಿದು ಹೇಗೆ ಉಸಿರಾಡುತ್ತಿದ್ದರು ಎಂದು ಕೇಳಿ, ಕೂತಲ್ಲೇ ಮಾಡಿ ತೋರಿಸಿದರೂ ತೋರಿಸುತ್ತಾರೆ.

ಇಜೆಕ್ಷನ್ (ಅಪಾಯದಲ್ಲಿ ಸೀಟಿನ ಸಮೇತ ವಿಮಾನದಿಂದ ಹೊರಚಿಮ್ಮುವುದು) ಆಗಿದ್ದರೆ ಮೊದಲ ಭೇಟಿಯಲ್ಲಿ ಅದನ್ನು ನೀವಾಗಿ ಎತ್ತಬೇಡಿ. ಸೀಟಿನ ರಾಕೆಟ್ ಬೆನ್ನುಮೂಳೆಗೆ ಪೆಟ್ಟು ಕೊಟ್ಟಿರಬಹುದು, ಜೊತೆಗಾರ ಬದುಕುಳಿಯದೇ ಇದ್ದಿರಬಹುದು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ, ರೆಕಾರ್ಡರ್ ನಿಲ್ಲಿಸಲೇ ಎಂದು ಮೆಲ್ಲಗೆ ಕೇಳಿ. ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ. “ಅದು ಬೇಡ” ಎಂದ ವಿಷಯವನ್ನು ಸುತ್ತಿಬಳಸಿ ಕೇಳಬಾರದು.

ಒಂದೂವರೆ ಗಂಟೆಗೆ ನಿಲ್ಲಿಸಿ. ಅಡಿ, ನಾಟ್ (ವಿಮಾನದ ವೇಗದ ಅಳತೆ) ಲೆಕ್ಕಗಳನ್ನು ಮಧ್ಯೆ ಬಾಯಿ ಹಾಕಿ ಪರಿವರ್ತಿಸಬೇಡಿ. ಬರೆಯುವಾಗ 1 ನಾಟ್‌ಗೆ ಗಂಟೆಗೆ 1.852 ಕಿ.ಮೀ. ಹಿಡಿಯಿರಿ. ಬರಹವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ, ಸಾಲುಗಳ ನಡುವೆ ತಿದ್ದಲು ಜಾಗ ಬಿಟ್ಟು, ಪೆನ್ನಿನ ಜೊತೆ ಅವರ ಕೈಗೇ ಕೊಡಿ.