ಅಪರೂಪದ ಬಳಕೆಗೆ ಹಿತವಾದ ಬೆಲೆಯ ಟ್ರೈಪಾಡ್: ಆರಿಸುವುದು ಹೇಗೆ?

ವರ್ಷದಲ್ಲಿ ಹತ್ತು ಹನ್ನೆರಡು ದಿನ ಮಾತ್ರ ಟ್ರೈಪಾಡ್ ಬೇಕಾಗುವವರಿಗಾಗಿ ಈ ಬರಹ. ದೀಪಾವಳಿಯ ರಾತ್ರಿ ಅಂಗಳದಲ್ಲಿ ಸಾಲಾಗಿ ಇಟ್ಟ ಹಣತೆಗಳು, ದಸರೆಯ ವೇಳೆ ಬೆಳಗುವ ಮೈಸೂರು ಅರಮನೆ, ಮಳೆಗಾಲದ ಜಲಪಾತ, ಎಲ್ಲೋ ಒಮ್ಮೆ ಬರುವ ಗ್ರಹಣ, ಮನೆಯವರೆಲ್ಲ ಸೇರಿದ ದಿನ ಚಿತ್ರ ತೆಗೆಯುವವರೂ ಜೊತೆಗೆ ನಿಲ್ಲಬೇಕಾದ ಒಂದು ಗುಂಪು ಫೋಟೋ: ಇಷ್ಟಕ್ಕೆ ಇಪ್ಪತ್ತು ಸಾವಿರ ರೂಪಾಯಿಯ ಟ್ರೈಪಾಡ್ ಬೇಕಿಲ್ಲ. ಹಾಗೆಂದು ಕೈಗೆ ಸಿಕ್ಕಿದ ಅಗ್ಗದ್ದನ್ನು ತಂದರೆ ಬೇಕಾದ ಆ ಹತ್ತು ದಿನಗಳಲ್ಲಿಯೇ ಅದು ಕೈಕೊಡುತ್ತದೆ. ಅಪರೂಪಕ್ಕೆ ಬಳಸುವವರು ಹಗುರತನವನ್ನು, ಹೆಚ್ಚಿನ ಎತ್ತರವನ್ನು, ಹತ್ತಾರು ಸೌಕರ್ಯಗಳನ್ನು ಬಿಟ್ಟುಕೊಡಬಹುದು. ಆದರೆ ಕ್ಯಾಮೆರಾವನ್ನು ಇಟ್ಟ ಜಾಗದಲ್ಲಿ ಅಲುಗದಂತೆ ಹಿಡಿಯುವ ಗುಣವನ್ನು ಬಿಟ್ಟುಕೊಡಲಾಗದು. ಹಣ ಕಡಿಮೆಯಿದ್ದಷ್ಟೂ ಅದನ್ನು ಈ ಒಂದು ಗುಣಕ್ಕೇ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ನನಗೆ ಮನವರಿಕೆಯಾದದ್ದು 2018ರ ಜನವರಿ 31ರ ಸಂಜೆ. ಅಂದು ಚಂದ್ರ ಗ್ರಹಣ ಹಿಡಿದುಕೊಂಡೇ ಮೂಡಿದ್ದ. ಪೂರ್ಣ ಗ್ರಹಣ 7 ಗಂಟೆ 37 ನಿಮಿಷಕ್ಕೆ ಮುಗಿಯುವುದಿತ್ತು. ಮಹಡಿಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾಕ್ಕೆ 300 ಎಂಎಂವರೆಗಿನ ಜೂಮ್ ಲೆನ್ಸ್ ಹಾಕಿ, ತಾಮ್ರದ ಬಣ್ಣಕ್ಕೆ ತಿರುಗಿದ್ದ ಚಂದ್ರನನ್ನು ಚೌಕಟ್ಟಿನ ನಡುವಿಗೆ ತಂದು, ಕ್ಯಾಮೆರಾವನ್ನು ಹಿಡಿದು ಬೇಕಾದತ್ತ ತಿರುಗಿಸುವ ಮೇಲ್ತುದಿಯ ಭಾಗವಾದ ಹೆಡ್‌ನ ತಿರುಪನ್ನು ಬಲವಾಗಿ ಬಿಗಿದೆ. ಕೈ ತೆಗೆದ ಕೂಡಲೇ ಚಂದ್ರ ನಿಧಾನವಾಗಿ ಮೇಲಕ್ಕೆ ಜಾರಿ ಚೌಕಟ್ಟಿನ ಅಂಚಿಗೆ ಹೋಗಿ ನಿಂತ. ಜಾರುತ್ತಿದ್ದದ್ದು ಚಂದ್ರನಲ್ಲ, ಲೆನ್ಸಿನ ಭಾರಕ್ಕೆ ಮೂತಿ ಇಳಿಸುತ್ತಿದ್ದ ಹೆಡ್. ಪೆಟ್ಟಿಗೆಯ ಮೇಲೆ ಐದು ಕಿಲೋ ಹೊರುತ್ತದೆ ಎಂದು ಅಚ್ಚಾಗಿತ್ತು. ನನ್ನ ಕ್ಯಾಮೆರಾ ಮತ್ತು ಲೆನ್ಸ್ ಸೇರಿ ಒಂದೂವರೆ ಕಿಲೋ ಕೂಡ ಇರಲಿಲ್ಲ. ಒಂದು ಸೆಕೆಂಡು ಬೆಳಕಿಗೆ ತೆರೆದು ತೆಗೆದ ಚಿತ್ರಗಳಲ್ಲಿ ಬಹುಪಾಲು ಅಲುಗಿ ಹೋದವು.

ಪೆಟ್ಟಿಗೆಯ ಮೇಲಿನ ಆ ಅಂಕಿ ಎಲ್ಲ ತಯಾರಕರೂ ಒಪ್ಪಿಕೊಂಡ ಒಂದೇ ಪರೀಕ್ಷೆಯಿಂದ ಬಂದದ್ದಲ್ಲ. ಭಾರವನ್ನು ನೇರವಾಗಿ ಮೇಲಿಟ್ಟರೆ ಕಾಲು ಮುರಿಯುವುದಿಲ್ಲ ಎಂಬುದಕ್ಕೂ, ಮುಂದಕ್ಕೆ ಚಾಚಿದ ಲೆನ್ಸನ್ನು ಓರೆಯಾಗಿ ಹಿಡಿದು ಅಲುಗದೆ ನಿಲ್ಲುತ್ತದೆ ಎಂಬುದಕ್ಕೂ ಬಹಳ ಅಂತರವಿದೆ. ಆದ್ದರಿಂದ ಮೊದಲು ನಿಮ್ಮ ಸಲಕರಣೆಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿ. ಲೆನ್ಸ್ ಬದಲಿಸಬಹುದಾದ, ಆರಂಭದ ಮಟ್ಟದ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಜೊತೆಗೆ ಬರುವ ಸಣ್ಣ ಲೆನ್ಸಿನೊಂದಿಗೆ ಮುಕ್ಕಾಲು ಕಿಲೋ ಆಸುಪಾಸಿನಲ್ಲಿರುತ್ತದೆ; ಉದ್ದ ಜೂಮ್ ಸೇರಿದರೆ ಒಂದೂಕಾಲು, ಒಂದೂವರೆ ಕಿಲೋ ಆಗಬಹುದು. ನಿಮ್ಮಲ್ಲಿರುವ ಅತಿ ಭಾರದ ಜೋಡಿಯ ತೂಕವನ್ನು ಮೂರರಿಂದ ಗುಣಿಸಿ, ಕನಿಷ್ಠ ಅಷ್ಟನ್ನು ಹೊರುತ್ತದೆಂದು ಹೇಳಿಕೊಳ್ಳುವ ಟ್ರೈಪಾಡುಗಳನ್ನು ಮಾತ್ರ ನೋಡಿ. ಇದರಿಂದ ಅತಿ ದುರ್ಬಲವಾದವು ದೂರವಾಗುತ್ತವೆ, ಅಷ್ಟೇ. ಉಳಿದವುಗಳನ್ನು ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸಬೇಕು.

ಕಣ್ಣು ಮೊದಲು ಹೋಗಬೇಕಾದದ್ದು ಕಾಲಿನ ಅತಿ ತೆಳುವಾದ ಭಾಗದ ಕಡೆಗೆ. ಮೂರು ಕಲ್ಲಿನ ಒಲೆ ಎಂಥ ಏರುತಗ್ಗಿನ ನೆಲದಲ್ಲಿಯೂ ಪಾತ್ರೆಯನ್ನು ಕುಂಟದಂತೆ ಹಿಡಿಯುವುದು ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಬೀಳುವುದರಿಂದ. ಟ್ರೈಪಾಡಿಗೂ ಅದೇ ಅನುಕೂಲವಿದೆ, ಆದರೆ ಕಲ್ಲಿನ ಜಾಗದಲ್ಲಿ ಇಲ್ಲಿರುವುದು ಒಂದರೊಳಗೊಂದು ಸೇರುವ ಟೊಳ್ಳು ಕೊಳವೆಗಳು. ಲೋಹದ ದಪ್ಪ ಅಷ್ಟೇ ಇದ್ದು ಕೊಳವೆಯ ವ್ಯಾಸ ಅರ್ಧವಾದರೆ ಅದರ ಬಿಗುವು ಅರ್ಧಕ್ಕೆ ಇಳಿಯುವುದಿಲ್ಲ, ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಮಡಚಿದಾಗ ದಪ್ಪವಾಗಿ ಕಾಣುವ ಟ್ರೈಪಾಡನ್ನು ಪೂರ್ತಿ ಬಿಡಿಸಿಯೇ ನೋಡಬೇಕು. ಕೊನೆಯ ತುಂಡು ಪೆನ್ಸಿಲಿಗಿಂತ ತುಸುವೇ ದಪ್ಪವಿದ್ದರೆ ಅದು ಮೊಬೈಲಿಗೆ ಸರಿ, ಕ್ಯಾಮೆರಾಕ್ಕೆ ಸಾಲದು. ಕೈಯ ಹೆಬ್ಬೆರಳಿನ ದಪ್ಪಕ್ಕೆ ಸಮೀಪವಿದ್ದರೆ ನೆಮ್ಮದಿ. ಇದೇ ಕಾರಣಕ್ಕೆ ಒಂದೇ ಬೆಲೆಯ ಎರಡರಲ್ಲಿ ಐದು ತುಂಡಿನ ಕಾಲಿಗಿಂತ ಮೂರು ಅಥವಾ ನಾಲ್ಕು ತುಂಡಿನ ಕಾಲುಳ್ಳದ್ದು ಮೇಲು. ಅದು ಮಡಚಿದಾಗ ಅಂಗೈಯಷ್ಟು ಹೆಚ್ಚು ಉದ್ದವಿರಬಹುದು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗಬಹುದು. ಅಪರೂಪದ ಪಯಣಕ್ಕೆ ಅದನ್ನು ಸಹಿಸಿಕೊಳ್ಳಬಹುದು.

ಎತ್ತರದ ಅಂಕಿಯನ್ನೂ ಎಚ್ಚರಿಕೆಯಿಂದ ಓದಬೇಕು. ಜಾಹೀರಾತಿನಲ್ಲಿ ಕಾಣುವ ಅತಿ ಹೆಚ್ಚಿನ ಎತ್ತರ ನಡುಗಂಬವನ್ನು, ಅಂದರೆ ಸೆಂಟರ್ ಕಾಲಮ್ಮನ್ನು, ಪೂರ್ತಿ ಮೇಲಕ್ಕೆಳೆದಾಗ ಬರುವುದು. ಹಾಗೆ ಎಳೆದ ಮರುಕ್ಷಣ ಕ್ಯಾಮೆರಾ ನಿಂತಿರುವುದು ಮೂರು ಕಾಲುಗಳ ಮೇಲಲ್ಲ, ಮೂರು ಕಾಲುಗಳ ನೆತ್ತಿಯಲ್ಲಿ ನೆಟ್ಟ ಒಂಟಿ ಕೋಲಿನ ಮೇಲೆ. ಸಣ್ಣ ಗಾಳಿಗೂ ಅದು ತೂಗುತ್ತದೆ. ನೀವು ಕೇಳಬೇಕಾದದ್ದು ಕಂಬ ಇಳಿಸಿದಾಗಿನ ಎತ್ತರ. ಕಾಲುಗಳಷ್ಟರಿಂದಲೇ 120ರಿಂದ 130 ಸೆಂಟಿಮೀಟರ್ ಬಂದರೆ, ಹೆಡ್ ಮತ್ತು ಕ್ಯಾಮೆರಾ ಸೇರಿ ಇನ್ನೊಂದು 15ರಿಂದ 20 ಸೆಂಟಿಮೀಟರ್ ಕೂಡುತ್ತದೆ, ಸಾಧಾರಣ ಎತ್ತರದವರು ತುಸು ಬಾಗಿ ನೋಡಿದರೆ ಸಾಕಾಗುತ್ತದೆ. ಹಿಂಬದಿಯ ಪರದೆಯಲ್ಲಿ ನೋಡಿ ತೆಗೆಯುವವರಿಗಂತೂ ಇದು ಧಾರಾಳ.

ಅಗ್ಗದ ಮಾದರಿಗಳಲ್ಲಿ ಕಾಲುಗಳನ್ನು ನಡುಗಂಬಕ್ಕೆ ಜೋಡಿಸುವ ಮೂರು ಅಡ್ಡಪಟ್ಟಿಗಳಿರುತ್ತವೆ. ಸಪಾಟು ನೆಲದಲ್ಲಿ ಅವು ಕಾಲುಗಳನ್ನು ಹಿಡಿದಿಡುತ್ತವೆ ನಿಜ, ಆದರೆ ದೇವಸ್ಥಾನದ ಮೆಟ್ಟಿಲ ಮೇಲೆ, ಹೊಳೆಯ ಬಂಡೆಗಳ ನಡುವೆ ಒಂದು ಕಾಲನ್ನು ಮಾತ್ರ ಅಗಲವಾಗಿ ಚಾಚಲು ಬಿಡುವುದಿಲ್ಲ. ಹೊರಗೆ ಒಯ್ಯುವ ಉದ್ದೇಶವಿದ್ದರೆ ಪ್ರತಿಯೊಂದು ಕಾಲೂ ಬೇರೆ ಬೇರೆ ಕೋನದಲ್ಲಿ ನಿಲ್ಲುವಂಥದ್ದನ್ನೇ ಕೊಳ್ಳಿ. ಕಾಲಿನ ಲಾಕ್ ತಿರುಗಿಸಿ ಬಿಗಿಯುವುದೋ, ಮಡಚಿ ಒತ್ತುವುದೋ ಎಂಬುದು ಅಭ್ಯಾಸದ ಮಾತು. ಮಡಚುವ ಲಾಕ್ ಭದ್ರವಾಗಿ ಕೂತಿದೆಯೇ ಎಂಬುದು ಕತ್ತಲೆಯಲ್ಲಿಯೂ ಬೆರಳಿಗೆ ತಿಳಿಯುತ್ತದೆ ಎಂಬುದರಿಂದ ನಾನು ಅದನ್ನು ಮೆಚ್ಚುತ್ತೇನೆ. ಕಾರ್ಬನ್ ಫೈಬರ್ ಕಾಲುಗಳು ಹಗುರ ಮತ್ತು ಬಿಗುವಾಗಿರುತ್ತವೆ, ಆದರೆ ಬೆಲೆ ಹೆಚ್ಚು. ವರ್ಷಕ್ಕೆ ಹತ್ತು ದಿನ ಹೊರುವವರಿಗೆ ಅಲ್ಯೂಮಿನಿಯಂ ಸಾಕು.

ಇನ್ನು ಹೆಡ್. ನನ್ನ ಅನುಭವದಲ್ಲಿ ಅಗ್ಗದ ಟ್ರೈಪಾಡುಗಳು ಕಾಲಿನಲ್ಲಿ ಸೋಲುವುದಕ್ಕಿಂತ ಹೆಚ್ಚಾಗಿ ಸೋಲುವುದು ಇಲ್ಲಿಯೇ. ಉದ್ದನೆಯ ಹಿಡಿಯುಳ್ಳ ಪ್ಲಾಸ್ಟಿಕ್ಕಿನ ಪ್ಯಾನ್ ಹೆಡ್ ವಿಡಿಯೋ ಚಿತ್ರಣಕ್ಕೆ ಅನುಕೂಲವೆಂದು ಕಂಡರೂ, ಬಿಗಿದು ಕೈಬಿಟ್ಟಾಗ ಒಂದೆರಡು ಡಿಗ್ರಿ ಬಾಗುವುದು ಅದರ ಸಾಮಾನ್ಯ ದೋಷ. ಗುಂಡಿನ ಮೇಲೆ ಎತ್ತ ಬೇಕಾದರೂ ತಿರುಗುವ ಲೋಹದ ಬಾಲ್ ಹೆಡ್‌ನಲ್ಲಿ ಒಂದೇ ತಿರುಪಿನಿಂದ ಎಲ್ಲ ದಿಕ್ಕೂ ಬಿಗಿಯಾಗುತ್ತದೆ, ಭಾಗಗಳು ಕಡಿಮೆ, ಚೀಲದಲ್ಲಿ ಹಿಡಿಸುವುದೂ ಸುಲಭ. ಸ್ಥಿರಚಿತ್ರಕ್ಕೆ ಅದನ್ನೇ ಆರಿಸಿ. ನಾಟಕ, ಯಕ್ಷಗಾನ, ಸಂಗೀತ ಕಛೇರಿಗಳನ್ನು ವಿಡಿಯೋ ಮಾಡುವುದೇ ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ಪ್ಯಾನ್ ಹೆಡ್ ಸರಿ, ಅದರಲ್ಲಿಯೂ ತಡೆತಡೆದು ತಿರುಗದೆ ಎಣ್ಣೆ ಹಚ್ಚಿದಂತೆ ನಯವಾಗಿ ತಿರುಗುವುದನ್ನು ನೋಡಿ ಕೊಳ್ಳಬೇಕು.

ಹೆಡ್ ಕಾಲಿನಿಂದ ಬಿಚ್ಚಲು ಬರುತ್ತದೆಯೇ ಎಂದು ತಪ್ಪದೆ ಕೇಳಿ. ಕ್ಯಾಮೆರಾದ ಅಡಿಯ ತೂತಿಗೆ ಕೂರುವ ಕಾಲು ಇಂಚಿನ ತಿರುಪಿನಂತೆ, ಹೆಡ್ ಮತ್ತು ಕಾಲುಗಳ ನಡುವೆಯೂ ಮೂರೆಂಟನೆಯ ಇಂಚಿನ ಒಂದು ಅಳತೆ ರೂಢಿಯಲ್ಲಿದೆ. ಹೀಗೆ ಬಿಚ್ಚಲು ಬರುವ ಟ್ರೈಪಾಡಿನಲ್ಲಿ ಹೆಡ್ ಸವೆದರೆ ಹೆಡ್ ಮಾತ್ರ ಬದಲಿಸಿದರೆ ಆಯಿತು. ಅತಿ ಅಗ್ಗದವುಗಳಲ್ಲಿ ಹೆಡ್ ಕಂಬಕ್ಕೇ ಅಂಟಿಕೊಂಡಿರುತ್ತದೆ, ಒಂದು ಕೆಟ್ಟರೆ ಎರಡೂ ಹೋದಂತೆ. ಹೆಡ್‌ಗೆ ಸಿಕ್ಕಿಸಲೆಂದು ಕ್ಯಾಮೆರಾದ ಅಡಿಗೆ ಬಿಗಿಯುವ ಪ್ಲೇಟಿನ ವಿಷಯವೂ ಹೀಗೆಯೇ. ಆರ್ಕಾ-ಸ್ವಿಸ್ ಎಂದು ಕರೆಯುವ, ಸುಮಾರು 38 ಮಿಲಿಮೀಟರ್ ಅಗಲದ ಪ್ಲೇಟ್ ಎಲ್ಲೆಡೆ ಸಿಗುತ್ತದೆ. ತಯಾರಕರು ತಮ್ಮದೇ ಆಕಾರದಲ್ಲಿ ಮಾಡಿದ ಪ್ಲಾಸ್ಟಿಕ್ ಪ್ಲೇಟ್ ಕಳೆದರೆ ಅಥವಾ ಸೀಳಿದರೆ ಜೋಡಿ ಸಿಗುವುದು ಕಷ್ಟ, ಆಗ ಇಡೀ ಟ್ರೈಪಾಡ್ ಅಟ್ಟ ಸೇರುತ್ತದೆ. ಅಪರೂಪಕ್ಕೆ ಬಳಸುವವರು ಪ್ಲೇಟನ್ನು ಮನೆಯಲ್ಲಿಯೇ ಮರೆತು, ಕ್ಯಾಮೆರಾ ಮತ್ತು ಟ್ರೈಪಾಡನ್ನು ಮಾತ್ರ ಪ್ರವಾಸಕ್ಕೆ ಒಯ್ಯುವುದು ತೀರಾ ಸಾಮಾನ್ಯ. ಆದ್ದರಿಂದ ಎರಡನೆಯ ಪ್ಲೇಟೊಂದನ್ನು ಆರಂಭದಲ್ಲಿಯೇ ಕೊಂಡು ಟ್ರೈಪಾಡಿನ ಚೀಲದಲ್ಲಿಡಿ.

ಬೆಲೆಯ ಮಾತಿಗೆ ಬಂದರೆ, ಸಾವಿರದಿಂದ ಸಾವಿರದ ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವವು ಹೆಚ್ಚಾಗಿ ಅಡ್ಡಪಟ್ಟಿ, ಪ್ಲಾಸ್ಟಿಕ್ ಹೆಡ್, ತೆಳು ಕಾಲುಗಳವು. ಮೊಬೈಲಿನಲ್ಲಿ ಅಡುಗೆಯ ವಿಡಿಯೋ ಮಾಡುವವರಿಗೆ, ಆನ್‌ಲೈನ್ ಪಾಠ ಹೇಳುವವರಿಗೆ ಅವು ಸಾಕು. ಕ್ಯಾಮೆರಾಕ್ಕೆ ಮೂರರಿಂದ ಐದು ಸಾವಿರದ ನಡುವೆ ನೋಡುವುದು ವಿವೇಕ; ಈ ಮಟ್ಟದಲ್ಲಿ ಅಲ್ಯೂಮಿನಿಯಂ ಕಾಲು, ಲೋಹದ ಬಾಲ್ ಹೆಡ್, ಆರ್ಕಾ ಪ್ಲೇಟ್ ಮೂರೂ ಒಟ್ಟಿಗೆ ಸಿಗಲಾರಂಭಿಸುತ್ತವೆ. ಅಷ್ಟು ಹಣವಿಲ್ಲದಿದ್ದರೆ ಹೊಸ ದುರ್ಬಲವಾದದ್ದಕ್ಕಿಂತ ಹಳೆಯ ಬಲವಾದದ್ದನ್ನು ಹುಡುಕಿ. ಕ್ಯಾಮೆರಾದಂತೆ ಟ್ರೈಪಾಡ್ ನಾಲ್ಕು ವರ್ಷಕ್ಕೆ ಹಳತಾಗುವುದಿಲ್ಲ. ಬಾಗದ ಕಾಲು, ಜಾರದ ಲಾಕ್, ಸವೆಯದ ತಿರುಪು ಇದ್ದರೆ ಹತ್ತು ವರ್ಷದ ಹಿಂದಿನದೂ ಹೊಸದರಷ್ಟೇ ಕೆಲಸ ಮಾಡುತ್ತದೆ. ಬೆಂಗಳೂರಿನಂಥ ಊರುಗಳಲ್ಲಿ ದಿನದ ಬಾಡಿಗೆಗೂ ಸಿಗುತ್ತದೆ, ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬೇಕಾದವರಿಗೆ ಅದೇ ಲಾಭ. ಬಂಡೀಪುರ, ನಾಗರಹೊಳೆಯ ಸಫಾರಿ ವಾಹನದೊಳಗೆ ಮೂರು ಕಾಲು ಬಿಡಿಸುವ ಜಾಗವೇ ಇರುವುದಿಲ್ಲ. ಅಲ್ಲಿಗೆ ಗಟ್ಟಿ ಬಟ್ಟೆಯ ಚೀಲಕ್ಕೆ ಒಂದೆರಡು ಕಿಲೋ ಹುರುಳಿ ತುಂಬಿ ಬಾಯಿ ಹೊಲಿದು, ಅದರ ಮೇಲೆ ಲೆನ್ಸನ್ನು ಊರಿಕೊಂಡರೆ ಯಾವ ಟ್ರೈಪಾಡಿಗೂ ಕಡಿಮೆಯಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಕ್ಯಾಮೆರಾ ಮತ್ತು ಅತಿ ಭಾರದ ಲೆನ್ಸನ್ನು ಒಯ್ಯಿರಿ. ಕಾಲುಗಳನ್ನು ಪೂರ್ತಿ ಬಿಡಿಸಿ, ಕಂಬವನ್ನು ಇಳಿಸಿ, ಜೂಮನ್ನು ತುದಿಗೆ ತಂದು, ಎದುರಿನ ಯಾವುದಾದರೂ ಬೋರ್ಡಿನ ಅಕ್ಷರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ನೋಡಿ. ಆಮೇಲೆ ಒಂದು ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರ ನಡುಗಿ ಒಂದೆರಡು ಸೆಕೆಂಡಿನಲ್ಲಿ ಶಾಂತವಾದರೆ ಒಳ್ಳೆಯದು. ಐದಾರು ಸೆಕೆಂಡಾದರೂ ತೂಗುತ್ತಲೇ ಇದ್ದರೆ ಬೇಡ. ಬಳಿಕ ಕ್ಯಾಮೆರಾವನ್ನು 45 ಡಿಗ್ರಿ ಮುಂದಕ್ಕೆ ಬಾಗಿಸಿ, ಬಿಗಿದು, ಒಂದು ನಿಮಿಷ ಕೈ ಹಚ್ಚದೆ ಕಾಯಿರಿ. ಬಿಗಿದಾಗ ಚೌಕಟ್ಟಿನ ನಡುವೆ ಇದ್ದದ್ದು ಅಲ್ಲಿಯೇ ಇರಬೇಕು. ಈ ಪರೀಕ್ಷೆಯನ್ನು ಅಂದು ಯಾರಾದರೂ ಹೇಳಿಕೊಟ್ಟಿದ್ದರೆ ನನ್ನ ಗ್ರಹಣದ ಚಿತ್ರಗಳು ಉಳಿಯುತ್ತಿದ್ದವು. ಆನ್‌ಲೈನಿನಲ್ಲಿ ತರಿಸಿದವರು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮನೆಯಲ್ಲಿ ಇದನ್ನು ಮಾಡಬೇಕು, ಪ್ರವಾಸದ ದಿನಕ್ಕೆಂದು ಪೆಟ್ಟಿಗೆಯನ್ನು ಕಾದಿರಿಸಬಾರದು.

ಹಂಪಿ, ಪಟ್ಟದಕಲ್ಲು, ಬೇಲೂರು, ಹಳೇಬೀಡಿನಂತಹ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆದಿರಬೇಕು. ಕೈಯಲ್ಲಿ ಹಿಡಿದು ತೆಗೆಯಲು ಅಡ್ಡಿಯಿಲ್ಲದ ಕಡೆಯೂ ಟ್ರೈಪಾಡನ್ನು ಕಾವಲುಗಾರರು ಬಾಗಿಲಲ್ಲಿಯೇ ತಡೆಯುತ್ತಾರೆ. ಇಂಥ ಜಾಗಗಳಿಗಾಗಿಯೇ ಟ್ರೈಪಾಡ್ ಕೊಳ್ಳುವ ಯೋಚನೆಯಿದ್ದರೆ ಮೊದಲು ಅನುಮತಿಯ ವಿಚಾರ ನೋಡಿಕೊಳ್ಳುವುದು ಒಳಿತು.

ತಂದ ಮೇಲೆ ಬಳಸುವ ರೀತಿಯಿಂದಲೂ ಸಾಧಾರಣ ಟ್ರೈಪಾಡಿನ ಯೋಗ್ಯತೆ ಹೆಚ್ಚುತ್ತದೆ. ಎತ್ತರ ಬೇಕಾದಾಗ ಮೇಲಿನ ದಪ್ಪ ತುಂಡುಗಳನ್ನು ಮೊದಲು ಬಿಡಿಸಿ, ತೆಳುವಾದವನ್ನು ಕೊನೆಗೆ ಉಳಿಸಿ. ಒಂದು ಕಾಲು ಲೆನ್ಸಿನ ನೇರಕ್ಕೆ ಮುಂದಿರಲಿ; ಇಳಿಜಾರಿನಲ್ಲಿ ಎರಡು ಕಾಲು ತಗ್ಗಿನ ಕಡೆಗಿರಲಿ. ಕಂಬದ ಅಡಿಯ ಕೊಕ್ಕೆಗೆ ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಕುವಂತಿರಬೇಕು, ಇಲ್ಲವಾದರೆ ಗಾಳಿಗೆ ಚೀಲವೇ ತೂಗಿ ಕ್ಯಾಮೆರಾವನ್ನು ಅಲುಗಿಸುತ್ತದೆ. ಗುಂಡಿಯನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಹಾಕಿ, ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ಚನ್ನು ಆಫ್ ಮಾಡಿ.

ಕಡಲತೀರದಿಂದ ಬಂದ ದಿನವೇ ಕಾಲುಗಳನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೆಳಗಿನ ತುಂಡುಗಳನ್ನು ಎಳೆದಿಟ್ಟು ನೆರಳಿನಲ್ಲಿ ಒಣಗಿಸಬೇಕು. ಉಪ್ಪು ಕೂತರೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ, ಮರಳು ಕೂತರೆ ಲಾಕ್ ಕರಕರ ಎನ್ನುತ್ತದೆ. ಮಲೆನಾಡಿನವರು ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಚೀಲದೊಳಗೆ ಮುಚ್ಚಿಡದಿರುವುದು ಮುಖ್ಯ. ಕೆಲವು ತಿಂಗಳಿಗೆ ಕಾಲಿನ ಬುಡದ ಬೋಲ್ಟುಗಳು ಸಡಿಲವಾಗಿ ಕಾಲುಗಳು ತಾವಾಗಿಯೇ ತೆರೆದುಕೊಳ್ಳಲು ತೊಡಗಬಹುದು. ಪೆಟ್ಟಿಗೆಯಲ್ಲಿ ಬಂದ ಆರು ಮೂಲೆಯ ಸಣ್ಣ ಆಲನ್ ಕೀಲಿಯಿಂದ ಒಂದು ಸುತ್ತಿನ ನಾಲ್ಕನೆಯ ಒಂದು ಪಾಲಿನಷ್ಟು ಬಿಗಿದರೆ ಸರಿಹೋಗುತ್ತದೆ. ಆ ಕೀಲಿಯನ್ನು ಎಸೆಯದೆ ಎರಡನೆಯ ಪ್ಲೇಟಿನ ಜೊತೆಗೇ ಚೀಲದ ಜೇಬಿನಲ್ಲಿಡಿ.