ಒಂದೇ ಘಾಟಿ, ಎರಡು ಕಾರು: ಅಂಬಾಸಿಡರ್ ಮತ್ತು ಮಾರುತಿ 800

ನನ್ನ ಹತ್ತಿರ 1978ರ ಅಂಬಾಸಿಡರ್ ಮಾರ್ಕ್ 3 ಇದೆ, 1994ರ ಮಾರುತಿ 800 ಕೂಡ ಇದೆ. ಕಾಗದದ ಮೇಲೆ ಹದಿನಾರು ವರ್ಷದ ಅಂತರ. ಆದರೆ ಅಂಬಾಸಿಡರ್‌ನ ಮೂಲ 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಓಡಿಸುವಾಗ ಗೊತ್ತಾಗುವುದು ಆ ವಯಸ್ಸೇ. ಉದ್ದದಲ್ಲೂ ಹತ್ತಿರ ಹತ್ತಿರ ಒಂದು ಮೀಟರ್ ವ್ಯತ್ಯಾಸ.

ಯಾವುದು ವಾಸಿ ಅಂತ ಮನೆಯಲ್ಲಿ ವಾದ ಮುಗಿಯುತ್ತಲೇ ಇರಲಿಲ್ಲ. ಕೊನೆಗೆ ಎರಡನ್ನೂ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಅದೇ ನಾಲ್ಕು ಜನ, ಅದೇ ಲಗೇಜು, ಮಳೆ ಇಲ್ಲದ ದಿನ.

ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ಗೆ ಅವಸರವೇ ಇಲ್ಲ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಳೆಯುತ್ತದೆ. ಕಷ್ಟ ಇರುವುದು ತಿರುವಿನಲ್ಲಿ. ಎದುರಿಗೆ ಬಸ್ಸು ಬಂದು ವೇಗ ತೀರಾ ಇಳಿದರೆ ಒಂದನೇ ಗೇರು ಬೇಕು, ಅದಕ್ಕೆ ಸಿಂಕ್ರೋಮೆಶ್ (ಗೇರು ಬೀಳುವ ಮುಂಚೆ ಹಲ್ಲುಗಳ ವೇಗ ಹೊಂದಿಸುವ ಏರ್ಪಾಡು) ಇಲ್ಲ. ಗಾಡಿ ಉರುಳುತ್ತಿರುವಾಗ ಹಾಕಲು ಹೋದರೆ ಕರಕರ ಅನ್ನುತ್ತದೆ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಇಷ್ಟು ಮಾಡುವಾಗ ಇನ್ನೊಂದು ಕೈಯಲ್ಲಿ ಆ ಭಾರದ ಸ್ಟಿಯರಿಂಗ್ ಬೇರೆ! ನನಗೆ ಅದೇ ಮಜಾ, ಹೆಂಡತಿಗೆ ಅದೇ ತಲೆನೋವು.

ಮಾರುತಿಯದು 796 ಸಿಸಿ, ಮೂರೇ ಸಿಲಿಂಡರ್. ನಾಲ್ಕು ಜನ ಕೂತರೆ ಏರಿನಲ್ಲಿ ಕಿರುಚಿಕೊಂಡೇ ಹತ್ತುತ್ತದೆ. ಆದರೆ ಗಾಡಿಯ ತೂಕ ಸುಮಾರು 650 ಕೆ.ಜಿ. ಅಷ್ಟೆ, ತಿರುವಿನಲ್ಲಿ ತನ್ನ ಪಾಲಿನ ರಸ್ತೆ ಬಿಟ್ಟು ಆಚೆ ಹೋಗಲ್ಲ. ಇಳಿಯುವಾಗ ಮುಂದಿನ ಡಿಸ್ಕ್ ಬ್ರೇಕ್ ಧೈರ್ಯ ಕೊಡುತ್ತದೆ. ಅಂಬಾಸಿಡರ್‌ಗೆ ನಾಲ್ಕೂ ಚಕ್ರಕ್ಕೆ ಹಳೇ ಡ್ರಮ್ ಬ್ರೇಕ್, ಉದ್ದ ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ಕಮ್ಮಿಯಾಗುತ್ತದೆ, ಹಾಗಾಗಿ ಸಣ್ಣ ಗೇರಿನಲ್ಲೇ ಹಿಡಿದು ಇಳಿಸಬೇಕು.

ಘಾಟಿಯಲ್ಲಿ ಮಾರುತಿಯೇ ಗೆದ್ದಿತು. ಆದರೆ ಆಗುಂಬೆ ದಾಟಿ ಗುಂಡಿ ಬಿದ್ದ ಒಳರಸ್ತೆಗೆ ಇಳಿದರೆ ಲೆಕ್ಕ ಉಲ್ಟಾ. ಮಾರುತಿಯ 12 ಇಂಚಿನ ಚಕ್ರ ಪ್ರತಿ ಗುಂಡಿಯನ್ನೂ ಸೊಂಟಕ್ಕೆ ಮುಟ್ಟಿಸುತ್ತದೆ. ಅಂಬಾಸಿಡರ್‌ನಲ್ಲಿ ಹಿಂದೆ ಕೂತ ಅಮ್ಮ ನಿದ್ದೆ ಹೋಗಿದ್ದರು. ಮಂಡಿ ನೋವಿನವರಿಗೆ ಹತ್ತಿ ಇಳಿಯಲೂ ಅದೇ ಸಲೀಸು.

ಎರಡರ ತಯಾರಿಕೆಯೂ ನಿಂತಿದ್ದು 2014ರಲ್ಲೇ. ಆದರೂ ಮಾರುತಿ ಸಾಮಾನು ಸಣ್ಣ ಊರಲ್ಲೂ ಸಿಗುತ್ತದೆ, ಅಂಬಾಸಿಡರ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು. ಹಳೇ ಅಂಬಾಸಿಡರ್ ಕೊಳ್ಳುವ ಆಸೆ ಇದ್ದರೆ ಬಣ್ಣ ಆಮೇಲೆ ನೋಡಿ. ಮೊದಲು ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ಅಲ್ಲಾಡಿಸಿ. ಲೊಡಲೊಡ ಅಂದರೆ ಕಡ್ಡಿಯ ಕೀಲಿನ ಬುಷ್ (ಒಳಗಿನ ಸಣ್ಣ ಬಳೆ) ಸವೆದಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.