ಮ್ಯಾನಿಫೆಸ್ಟ್ ಬರೆಯೋ ಕೆಲಸ ಬಿಲ್ಡ್‌ಗೇ ಬಿಡಿ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಕಟಾವು ಶುರುವಾದರೆ ತೂಕದ ಚೀಟಿ, ಟನ್ನಿನ ದರ, ಬಿಲ್ಲು ಇವೇ ಮಾತು. ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಇದನ್ನೇ ಹಿಡಿದರು ಅಂದುಕೊಳ್ಳಿ. ಜಾವಾದಲ್ಲಿ, ಪ್ರೋಗ್ರಾಮನ್ನು ಬಂಡಲ್ ಅನ್ನುವ ಬಿಡಿ ಭಾಗಗಳಾಗಿ ಕಟ್ಟುವ ಓಎಸ್‌ಜಿಐ ಪದ್ಧತಿಯಲ್ಲಿ ಎರಡು ಬಂಡಲ್: ಒಂದು ತೂಕದ್ದು, ಇನ್ನೊಂದು ಬಿಲ್ಲಿನದು. ಪ್ರತಿ ಬಂಡಲ್ಲೂ ಒಂದು ಜಾರ್ ಫೈಲು (ಜಾವಾ ಫೈಲುಗಳ ಕಟ್ಟು), ಅದರೊಳಗೆ ಮ್ಯಾನಿಫೆಸ್ಟ್ ಅನ್ನುವ ವಿವರಪಟ್ಟಿ ಇರುತ್ತದೆ. ಬಂಡಲ್ಲಿನ ಹೆಸರು, ಆವೃತ್ತಿ, ಯಾವ ಪ್ಯಾಕೇಜನ್ನು (ಕ್ಲಾಸ್‌ಗಳ ಗುಂಪನ್ನು) ಹೊರಗೆ ಕೊಡುತ್ತದೆ, ಯಾವುದನ್ನು ತರಿಸಿಕೊಳ್ಳುತ್ತದೆ, ಎಲ್ಲ ಅದರಲ್ಲೇ.

ಇದನ್ನು ಕೈಯಲ್ಲಿ ಬರೆಯುವುದು ಬೇಡದ ತಲೆನೋವು. ಒಂದು ಸಾಲು 72 ಬೈಟ್ ಮೀರುವಂತಿಲ್ಲ. ಮೀರಿದರೆ ಮುರಿದು, ಮುಂದಿನ ಸಾಲನ್ನು ಒಂದು ಸ್ಪೇಸ್ ಬಿಟ್ಟು ಶುರು ಮಾಡಬೇಕು. ಕನ್ನಡದಲ್ಲಿ ಹೆಸರಿಟ್ಟರೆ ಸಾಲು ಇನ್ನೂ ಬೇಗ ತುಂಬುತ್ತದೆ: ‘ತೂಕ’ ಅನ್ನುವುದಕ್ಕೇ ಯುಟಿಎಫ್-8ರಲ್ಲಿ 9 ಬೈಟ್. ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಕೋಡ್ ಬದಲಾಗುತ್ತದೆ, ಮ್ಯಾನಿಫೆಸ್ಟ್ ಹಾಗೇ ಉಳಿಯುತ್ತದೆ.

2018ರಲ್ಲಿ ಬಂದ ಓಎಸ್‌ಜಿಐ 7ನೇ ಬಿಡುಗಡೆಯಲ್ಲಿ ಇದಕ್ಕೆಂದೇ ಅನೋಟೇಶನ್‌ಗಳಿವೆ, ಅಂದರೆ ಕೋಡಿನ ಮೇಲೆ ಹಾಕುವ ಗುರುತುಗಳು. ಮೊದಲು, ಕೋಡನ್ನು ಜಾರ್ ಆಗಿ ಕಟ್ಟುವ ಬಿಲ್ಡ್ ಸಾಧನ ಮೇವನ್‌ನ ಪಾಮ್ ಫೈಲಿಗೆ (ಅದರ ಸೆಟ್ಟಿಂಗ್ ಫೈಲು) ಓಎಸ್‌ಜಿಐ ಅನೋಟೇಶನ್ ಲೈಬ್ರರಿ ಸೇರಿಸಿ. ಸ್ಕೋಪ್ ‘ಪ್ರೊವೈಡೆಡ್’ ಇರಲಿ. ಇದು ಬಿಲ್ಡ್ ಹೊತ್ತಿಗೆ ಮಾತ್ರ ಬೇಕು, ಓಡುವಾಗ ಬೇಡ. ಆಮೇಲೆ ಮ್ಯಾನಿಫೆಸ್ಟ್ ಬರೆದುಕೊಡುವ ಬಿಎನ್‌ಡಿ ಸಾಧನದ ಮೇವನ್ ಪ್ಲಗಿನ್ ಹಾಕಿ, ‘ಬಿಎನ್‌ಡಿ-ಪ್ರೊಸೆಸ್’ ಗೋಲ್ (ಪ್ಲಗಿನ್ ಮಾಡಬೇಕಾದ ಕೆಲಸ) ಕೊಡಿ. ಅದು ಬರೆದ ಮ್ಯಾನಿಫೆಸ್ಟನ್ನೇ ಬಳಸು ಅಂತ ಜಾರ್ ಪ್ಲಗಿನ್‌ಗೂ ಹೇಳಬೇಕು. ಇದೊಂದು ಬಿಟ್ಟುಹೋದರೆ ಬಿಲ್ಡ್ ಪಾಸಾಗುತ್ತದೆ, ಆದರೆ ಜಾರ್‌ನೊಳಗೆ ಬೇರೆಯದೇ ಬಡಕಲು ಮ್ಯಾನಿಫೆಸ್ಟ್ ಕೂತಿರುತ್ತದೆ!

ಈಗ ತೂಕದ ಪ್ಯಾಕೇಜಿನಲ್ಲಿ ‘ಪ್ಯಾಕೇಜ್-ಇನ್ಫೋ’ ಅನ್ನುವ ಜಾವಾ ಫೈಲ್ ಮಾಡಿ. ಪ್ಯಾಕೇಜ್ ಸಾಲಿನ ಮೇಲೆ ಎರಡೇ ಗುರುತು: ಎಕ್ಸ್‌ಪೋರ್ಟ್, ಮತ್ತು ವರ್ಷನ್ 1.2.0. ಬಿಲ್ಡ್ ಆದಾಗ ಬಿಎನ್‌ಡಿ ಕ್ಲಾಸ್ ಫೈಲುಗಳನ್ನು ಓದಿ ಎಕ್ಸ್‌ಪೋರ್ಟ್-ಪ್ಯಾಕೇಜ್ ಸಾಲನ್ನು ತಾನೇ ಬರೆಯುತ್ತದೆ.

ಬಿಲ್ಲಿನ ಬಂಡಲ್‌ನಲ್ಲಿ ಇಂಪೋರ್ಟ್‌ಗೆ ಏನೂ ಬರೆಯಬೇಡಿ. ತೂಕದ ಪ್ಯಾಕೇಜ್ ಬಳಸಿದ್ದೀರಿ ಅಂತ ಬೈಟ್‌ಕೋಡ್‌ನಿಂದಲೇ (ಕಂಪೈಲ್ ಆದ ಕ್ಲಾಸ್ ಫೈಲಿನ ಕೋಡ್) ಬಿಎನ್‌ಡಿಗೆ ಗೊತ್ತಾಗುತ್ತದೆ. ಸುಮ್ನೆ ಬಳಸುವವರಿಗೆ 1.2ರಿಂದ 2ರ ಒಳಗಿನ ಆವೃತ್ತಿ ನಡೆಯುತ್ತದೆ ಅಂತ ಬರೆದುಕೊಳ್ಳುತ್ತದೆ. ‘ಪ್ರೊವೈಡರ್ ಟೈಪ್’ ಗುರುತಿನ ಇಂಟರ್‌ಫೇಸನ್ನು ನೀವೇ ಇಂಪ್ಲಿಮೆಂಟ್ ಮಾಡಿದರೆ ಮಿತಿ ಬಿಗಿ: 1.2ರಿಂದ 1.3ರ ಒಳಗೆ. ಈ ಲೆಕ್ಕವನ್ನು ಮನುಷ್ಯರು ಮಾಡಬಾರದು ಅನ್ನುವುದೇ ನನ್ನ ವಾದ. ಸರ್ವಿಸ್ ಕ್ಲಾಸಿಗೆ ‘ಕಾಂಪೊನೆಂಟ್’ ಗುರುತು ಹಾಕಿದರೆ ಅದರ ವಿವರದ ಎಕ್ಸ್‌ಎಂಎಲ್ ಫೈಲ್ ಕೂಡ ತಾನೇ ತಯಾರು.

ಬಿಲ್ಡ್ ಮುಗಿದ ಮೇಲೆ ಜಾರ್ ಬಿಚ್ಚಿ ಇಂಪೋರ್ಟ್-ಪ್ಯಾಕೇಜ್ ಸಾಲು ನೋಡಲೇಬೇಕು. ಕ್ಲಾಸಿನ ಹೆಸರನ್ನು ಪ್ರಾಪರ್ಟೀಸ್ ಫೈಲಿನಲ್ಲಿ ಬರೆದು, ಓಡುವಾಗ ಲೋಡ್ ಮಾಡುವ ಅಭ್ಯಾಸ ಜಾಸ್ತಿ ಇದೆ ಅಲ್ವಾ? ಅದು ಬೈಟ್‌ಕೋಡ್‌ನಲ್ಲಿ ಇಲ್ಲ, ಹಾಗಾಗಿ ಬಿಎನ್‌ಡಿಗೆ ಕಾಣುವುದಿಲ್ಲ. ಬಿಲ್ಡ್ ಹಸಿರು, ಓಡಿಸಿದರೆ ‘ಕ್ಲಾಸ್ ನಾಟ್ ಫೌಂಡ್’. ಅಂಥ ಪ್ಯಾಕೇಜನ್ನು ಬಿಎನ್‌ಡಿಯ ಸೆಟ್ಟಿಂಗ್ ಫೈಲಿನ ಇಂಪೋರ್ಟ್-ಪ್ಯಾಕೇಜ್ ಸಾಲಿನಲ್ಲಿ ಬರೆದು, ಕೊನೆಗೆ ಅಲ್ಪವಿರಾಮ ಮತ್ತು ನಕ್ಷತ್ರ ಚಿಹ್ನೆ ಹಾಕಿ. ನಕ್ಷತ್ರ ಮರೆತರೆ ಬಿಎನ್‌ಡಿ ಹುಡುಕಿದ ಉಳಿದ ಇಂಪೋರ್ಟ್‌ಗಳೆಲ್ಲ ಮಾಯ.

ತೂಕದ ಬಂಡಲ್ ಒಮ್ಮೆ ಬಿಡುಗಡೆಯಾದ ಮೇಲೆ ಬಿಎನ್‌ಡಿ ಬೇಸ್‌ಲೈನ್ ಪ್ಲಗಿನ್ ಕೂಡ ಸೇರಿಸಿ. ಮೆಥಡ್ ಬದಲಿಸಿ ಆವೃತ್ತಿ ಅಂಕಿ ಹಾಗೇ ಬಿಟ್ಟಿದ್ದರೆ, ಹಳೆಯ ಜಾರ್ ಜೊತೆ ಹೋಲಿಸಿ ಬಿಲ್ಡನ್ನು ಅಲ್ಲೇ ನಿಲ್ಲಿಸುತ್ತದೆ.